ಕ್ಲಿಫ್‌ನ ನಾಲಿಗೆಗೆ ಹೊಂದುವ ಬಿಯರ್

ಬರ್ಟನ್
೧೪ ಅಕ್ಟೋಬರ್ ೧೯೭೯

ಪ್ರೀತಿಯ ತಂಗಿ ಥೆಲ್ಮಾಗೆ,

ನಿನ್ನ ಕಾಗದ ಜುಲೈನಲ್ಲೇ ಬಂತು. ಉತ್ತರ ತಡವಾಯಿತು, ಬೇಸರಿಸಬೇಡ. ಡೆವನ್‌ನ ಬಿಯರ್ ಕ್ಲಿಫ್‌ಗೆ ಹಿಡಿಸುತ್ತಿಲ್ಲ, ಅವನ ಹುಟ್ಟುಹಬ್ಬಕ್ಕೆ ನೀನೇ ಮನೆಯಲ್ಲಿ ಪೇಲ್ ಏಲ್ ಬಿಯರ್ ಮಾಡಬೇಕೆಂದಿದ್ದೀಯ ಎಂದು ಓದಿ ಮೊದಲು ಕಾಗದವನ್ನು ಒಲೆಗೆ ಹಾಕಲು ಹೋದೆ. ಆಮೇಲೆ ಪಕ್ಕದ ಮನೆಯ ಮಾವಿಸ್‌ಗೆ ತೋರಿಸಿದೆ. "ಅಲ್ವೇ ಎನಿಡ್, ನಿನ್ನ ಗಂಡನ್ನ ಹೊಡ್ಕೊಂಡು ಹೋದೋಳು ಅವನಿಗೆ ಬಿಯರ್ ಮಾಡೋದು ಹೆಂಗೆ ಅಂತ ನಿನ್ನನ್ನೇ ಕೇಳ್ತಾಳಲ್ಲ! ಎಂಥಾ ದಪ್ಪ ಚರ್ಮಾನೇ ಅವಳದು!" ಎಂದಳು. ದಪ್ಪವೇನಲ್ಲ, ಬಲು ನುಣುಪು, ಕ್ಲಿಫ್ ಜಾರಿಬಿದ್ದದ್ದು ಅಲ್ಲೇ ಎಂದೆ.

ನಿನ್ನ ಪಟ್ಟಿ ನೋಡಿದೆ. ಐದು ಬಗೆಯ ಬಾರ್ಲಿ ಮಾಲ್ಟ್, ನಾಲ್ಕು ಬಗೆಯ ಹಾಪ್ಸ್ ಹೂವು, ಸಾಲದ್ದಕ್ಕೆ ಜೇನುತುಪ್ಪ. ಮೊದಲ ಸಲ ಮಾಡುವವರೆಲ್ಲ ಹೀಗೇ, ಕಣ್ಣಿಗೆ ಕಂಡದ್ದೆಲ್ಲ ಬೇಕು. ನೀನಂತೂ ಚಿಕ್ಕಂದಿನಿಂದಲೂ ಹಾಗೇ. ಎಲ್ಲ ಹೊಡೆದುಹಾಕು. ಐದು ಗ್ಯಾಲನ್‌ಗೆ ಎಂಟು ಪೌಂಡು ತಿಳಿಬಣ್ಣದ ಮಾಲ್ಟ್, ಕೆಂಪು ಬರಲು ಅರ್ಧ ಪೌಂಡು ಕ್ರಿಸ್ಟಲ್ ಮಾಲ್ಟ್. ಹಾಪ್ಸ್ ಒಂದೇ ಜಾತಿ ಸಾಕು, ಗೋಲ್ಡಿಂಗ್ಸ್. ಕುದಿ ಬಂದಾಗ ಎರಡು ಔನ್ಸ್, ಅದು ಕಹಿಗೆ. ಒಲೆ ಆರಿಸುವ ಮುಂಚೆ ಅರ್ಧ ಔನ್ಸ್, ಅದು ಪರಿಮಳಕ್ಕೆ. ನಿಮ್ಮ ಡೆವನ್ ನೀರಿಗೆ ನಮ್ಮ ಬರ್ಟನ್ ನೀರಿನ ಗಡಸಿಲ್ಲ. ಎರಡು ಚಮಚ ಜಿಪ್ಸಮ್ ಪುಡಿ ಬೆರೆಸದಿದ್ದರೆ ಕಹಿ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಪೂರ್ತಿ ಆರಿದ ಮೇಲೆ ಯೀಸ್ಟ್ ಹಾಕು, ಅವಸರ ಮಾಡಬೇಡ.

ಬೇಕೆಂದೇ ಎಲ್ಲೋ ತಪ್ಪು ಬರೆದಿದ್ದೇನೆಂದು ನಿನಗೆ ಅನುಮಾನ ಬಂದೀತು. "ಜಿಪ್ಸಮ್ ಬದ್ಲು ಭೇದಿ ಉಪ್ಪು ಅಂತ ಬರಿಯೇ, ಇಬ್ರೂ ವಾರಗಟ್ಲೆ ಕಕ್ಕಸಿಂದ ಏಳಬಾರ್ದು!" ಎಂದು ಮಾವಿಸ್ ಗೋಗರೆದಳು. ನಾನು ಒಪ್ಪಲಿಲ್ಲ. ಅಳತೆಯೆಲ್ಲ ಸರಿಯಾಗಿದೆ. ನಿನ್ನ ಏಲ್ ಚೆನ್ನಾಗಿಯೇ ಬರಲಿ ಎಂಬುದು ನನ್ನ ಆಸೆ.

ಅದನ್ನು ಸರಿಮಾಡಲು ನನಗೆ ಎಂಟು ವರ್ಷ ಹಿಡಿಯಿತು. ಮೊದಲನೆಯದನ್ನು ಕ್ಲಿಫ್ ಗೆಳೆಯರ ಎದುರಿಗೇ ಸಿಂಕಿಗೆ ಸುರಿದು, "ಪಾತ್ರೆ ತೊಳೆದ ನೀರಿಗೂ ಇದಕ್ಕಿಂತ ರುಚಿ ಇರುತ್ತೆ ಕಣೇ" ಎಂದ. ಕಹಿ ಹೆಚ್ಚಿಸಿದೆ. "ನಿನ್ನ ಮೋರೆ ಅದ್ದಿ ತೆಗ್ದೆಯಾ?" ಎಂದ. ಕಹಿ ಇಳಿಸಿದೆ, ಅದೂ ಸಿಂಕಿಗೇ ಹೋಯಿತು. ಹೀಗೆ ಹನ್ನೊಂದು ಬಗೆ ಮಾಡಿ ನೋಡಿದೆ. ಪ್ರತಿ ಸಲವೂ ತಪ್ಪು ಮಾಲ್ಟಿನಲ್ಲಿದೆ ಎಂದೇ ನಂಬಿದ್ದೆ. ನೆನೆದರೆ ಅವನಿಗಿಂತ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಮ್ಮ ಆರಾಮವಾಗಿದ್ದಾಳೆ. ನಿನ್ನ ಫೋಟೋ ಗೋಡೆಯಿಂದ ಇಳಿಸಿಲ್ಲ, ಮುಖ ಗೋಡೆಗೆ ತಿರುಗಿಸಿ ನೇತುಹಾಕಿದ್ದಾಳೆ. "ಹಿಂಗಿದ್ರೇನೇ ಚೆಂದ ಕಾಣ್ತಾಳೆ ಬಿಡು" ಅನ್ನುತ್ತಾಳೆ.

ನಿನ್ನ ಕೈಗೆ ಯೀಸ್ಟ್ ಒಲಿಯಲಿ, ಬಾಟಲಿ ಒಂದೂ ಸಿಡಿಯದಿರಲಿ.

ನಿನ್ನ ಅಕ್ಕ,
ಎನಿಡ್

ಮರೆತ ಮಾತು: "ಅವತ್ತು ಈಸ್ಟರ್ ಊಟಕ್ಕೆ ಕುಡಿದನಲ್ಲ, ಅಂಥದ್ದೇ ಬೇಕಂತೆ ಅಕ್ಕಾ" ಎಂದು ಬರೆದಿದ್ದೀಯ. ಮೇಲೆ ಕೊಟ್ಟಿರುವುದು ಅದೇ, ಹನ್ನೊಂದನೆಯದು. ಅವತ್ತು ಚರ್ಚಿನಿಂದ ಬಂದೊಡನೆ ನಾನು ಅವನಿಗೆ ಒಂದು ಗ್ಲಾಸ್ ಕೊಟ್ಟಿದ್ದೆ. ಒಂದು ಗುಟುಕು ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿದ. ಊಟದ ಹೊತ್ತಿಗೆ ನೀನು ಬಂದೆ. ಅದೇ ಪೀಪಾಯಿಯಿಂದ ನೀನೇ ಜಗ್ಗಿನಲ್ಲಿ ಹಿಡಿದು ತಂದು ಅವನಿಗೆ ಬಗ್ಗಿಸಿದೆ. ಅವನು ಕಣ್ಣು ಮುಚ್ಚಿ ಕುಡಿದು, "ಆಹಾ, ಇದಪ್ಪಾ ಬಿಯರ್ ಅಂದ್ರೆ!" ಎಂದ. ನೀನು ನಕ್ಕೆ. ನಾನು ಆಲೂಗಡ್ಡೆ ಬಡಿಸುತ್ತಿದ್ದೆ. ನೀವು ಓಡಿಹೋದದ್ದು ಹೋದ ವರ್ಷ ಸೆಪ್ಟೆಂಬರಿನಲ್ಲಿ, ನನಗೆ ಗೊತ್ತಾದದ್ದು ಆ ಈಸ್ಟರ್ ಮಧ್ಯಾಹ್ನವೇ. ಅಳತೆ ಸರಿಯಾಗಿದೆ ಥೆಲ್ಮಾ. ನಿನ್ನ ಗ್ಲಾಸನ್ನು ಅವನು ಸಿಂಕಿಗೆ ಸುರಿಯುವ ದಿನ ಮಾಲ್ಟ್ ಬದಲಿಸಲು ಹೋಗಬೇಡ. ಜಗ್ಗು ಯಾರ ಕೈಯಲ್ಲಿದೆ ನೋಡು.