ಏಳನೆಯವಳು

ಮಾರ್ಚ್ 3, ಸೋಮವಾರ

ಇವತ್ತೂ ಅರ್ಧ ದಾರಿಯಿಂದ ಲಾಂಡ್ರಿಗೆ ವಾಪಸು ಓಡಿದೆ. ಇಸ್ತ್ರಿಪೆಟ್ಟಿಗೆ ಸ್ವಿಚ್ ಆರಿಸಿದ್ದೆನೋ ಇಲ್ಲವೋ ಅಂತ. ಆರಿಸಿತ್ತು. ಯಾವಾಗಲೂ ಆರಿಸಿಯೇ ಇರುತ್ತದೆ. ಓನರ್ ನಕ್ಕರು — "ಬಂದ್ರಾ ಗಾಬರಿ ಅಕ್ಕ? ಅಂಗಡಿ ಇನ್ನೂ ಸುಟ್ಟಿಲ್ಲ, ನಾಳೆ ಬನ್ನಿ."

ನಾಲ್ಕಕ್ಕೆ ಅಮ್ಮನನ್ನು ಫಿಸಿಯೋ ಹತ್ತಿರ ಕರೆದುಕೊಂಡು ಹೋದೆ. ಬಡಾವಣೆಯ ಹಿಂದಿನ ಗೇಟು ದಾಟಿದರೆ ಎದುರಿಗೇ ಕ್ಲಿನಿಕ್. ಗಾಲಿಕುರ್ಚಿ ತಳ್ಳಿಕೊಂಡು ನಾಲ್ಕೇ ನಿಮಿಷ. ಇವತ್ತು ಎಡಗೈಯ ಎರಡು ಬೆರಳು ತಾನೇ ಬಿಡಿಸಿದಳು! ಸ್ಟ್ರೋಕ್ ಆಗಿ ಐದು ತಿಂಗಳಾದ ಮೇಲೆ. ಫಿಸಿಯೋ ಹುಡುಗಿ ಚಪ್ಪಾಳೆ ಹೊಡೆದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ವಾರಕ್ಕೆ ಮೂರು ಸಲ, ಒಂದೂ ತಪ್ಪಿಸ್ಬೇಡಿ. ಈಗ ಬಿಟ್ರೆ ಬೆರಳು ಮತ್ತೆ ಮಡಚ್ಕೊಂಡ್ಬಿಡತ್ತೆ, ಆಮೇಲೆ ನಾನೇನೂ ಮಾಡೋಕಾಗಲ್ಲ" ಅಂದಳು.

ವಾಪಸು ಬರುವಾಗ ಗೇಟಿನ ಮೇಲೆ ಚೀಟಿ. 'ಕಳ್ಳತನದ ಕಾರಣ ಈ ಗೇಟನ್ನು ಮುಚ್ಚುವ ವಿಷಯ ಬಡಾವಣೆ ಸಮಿತಿಯ ಮುಂದಿದೆ.' ಕಳ್ಳತನ ಅಂದರೆ ಒಂದು ಸೈಕಲ್. ಅದರಲ್ಲೂ ಪೆಡಲ್ ಒಂದೇ ಇದ್ದದ್ದು. ಗೇಟಿನ ಪಕ್ಕದ ಮನೆ ಬೇಕರಿಯವರದು. ಅವರ ಮಲಗುವ ಕೋಣೆಯ ಕಿಟಕಿ ಕೆಳಗೆ ಜನ ಓಡಾಡುವುದು ಅವರಿಗೆ ಆಗದು. ಅವರು ಸಮಿತಿಯಲ್ಲಿದ್ದಾರೆ.

ಗೇಟು ಹೋದರೆ ಮೇನ್ ರೋಡ್ ಸುತ್ತಬೇಕು. ಫುಟ್‌ಪಾತ್ ಇಲ್ಲ. ನಡುವೆ ಮೆಟ್ಟಿಲು. ಕುರ್ಚಿ ಹೇಗೆ ಹತ್ತಿಸಲಿ...

ಮಾರ್ಚ್ 4

ಟೈಲರ್ ಹೆಂಗಸಿಗೆ ಹೇಳಿಕೊಂಡೆ. ನಮ್ಮ ಗಲ್ಲಿಯಲ್ಲಿ ನನ್ನ ಮಾತು ಪೂರ್ತಿ ಕೇಳುವವಳು ಅವಳೊಬ್ಬಳೇ, ಕಾಲು ಮೆಷೀನ್ ಮೇಲಿದ್ದರೂ ಸರಿ. ದಾರ ಕಚ್ಚಿ ಹರಿದು, "ಹೊರಗೆ ನಿಂತು ಅಳೋ ಬದಲು ಒಳಗೆ ಹೋಗಿ ಕೂತ್ಕೊ. ಸಮಿತಿಗೆ ಸೇರು. ಜನ ಸಾಲ್ದೆ ಕರೀತಾನೇ ಇದಾರಲ್ಲ" ಅಂದಳು.

"ನಾನಾ? ಆರನೇ ಕ್ಲಾಸು ಕಣೇ."

"ಬೇಕರಿಯವನೇನು ಲಾಯರ್ರಾ? ಬನ್ನು ಸುಡ್ತಾನೆ."

ಮಾರ್ಚ್ 6, ಗುರುವಾರ

ಅಧ್ಯಕ್ಷರ ಮನೆಗೆ ಹೋದೆ. ರಿಟೈರ್ಡ್ ಹೆಡ್ ಕ್ಲರ್ಕ್. ಮನೆಯಲ್ಲೂ ಜೇಬಿಗೆ ಎರಡು ಪೆನ್ನು, ಮೇಜಿನ ಮೇಲೆ ಕಾಲ್‌ಬೆಲ್. ಬೆಲ್ ಒತ್ತಿದರು. ಒಳಗಿಂದ ಹೆಂಡತಿ, "ಕಾಲು ಸೋತಿದ್ಯಾ? ಎದ್ದು ಬಂದು ಕಾಫಿ ತಗೊಂಡ್ಹೋಗಿ" ಅಂದರು. ಅಧ್ಯಕ್ಷರು ಕೇಳಿಸದವರಂತೆ ನನಗೆ ಫಾರಂ ಕೊಟ್ಟರು.

ಫಾರಂನಲ್ಲಿ ಒಂದು ಪ್ರಶ್ನೆ. ಸಮಿತಿಯಲ್ಲಿ ಸೇವೆ ಮಾಡಲು ಏಕೆ ಬಯಸುತ್ತೀರಿ? ಬರೆಯಲು ಮೂರು ಗೆರೆ. ಪೆನ್ನು ಹಿಡಿದು ಕೂತೆ. ಅಮ್ಮನ ಬೆರಳು ಅಂತ ಬರೆದರೆ ಸ್ವಾರ್ಥಿ ಅಂದುಕೊಳ್ಳುತ್ತಾರೆ. ಬೇರೆಯವರು ಏನು ಬರೆದಿದ್ದಾರೆ ಅಂತ ಕೇಳಿದೆ. ಫೈಲ್ ತೋರಿಸಿದರು. ಎಲ್ಲ ಜನಸೇವೆ. ಬೇಕರಿಯವರು 'ನಾಳಿನ ಪೀಳಿಗೆಗಾಗಿ' ಅಂತ. ಬ್ಯೂಟಿ ಪಾರ್ಲರ್ ಅಕ್ಕ 'ಸಮಾಜದ ಋಣ' ಅಂತ. ಅವಳು ಸೇರಿದ್ದು ಮನೆಯಲ್ಲಿ ಅವಳ ಮಾತಿಗೆ ಯಾರೂ ತಲೆ ಎತ್ತುವುದಿಲ್ಲ ಅಂತ. ಅವಳೇ ಒಂದು ಸಲ ಹೇಳಿದ್ದಳು. ಅಧ್ಯಕ್ಷರಿಗೆ ಬೆಲ್ ಒತ್ತಿದರೆ ಯಾರಾದರೂ ಬರಬೇಕು. ಒಬ್ಬೊಬ್ಬರಿಗೆ ಒಂದೊಂದು ಗೇಟು.

ನಾನೂ 'ಎಲ್ಲರಿಗೂ ಒಳ್ಳೆಯದಾಗಲಿ ಅಂತ' ಎಂದು ಬರೆದೆ. ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತು.

ಅಧ್ಯಕ್ಷರ ಮುಖ ಊರಗಲ ಆಯಿತು. "ಬಹಳ ಸಂತೋಷ ಕಣಮ್ಮಾ. ಹೊಸಬರನ್ನ ಸೇರಿಸ್ಕೊಳ್ಳೋ ಅಧಿಕಾರ ನನಗೇ ಇದೆ. ಭಾನುವಾರ ಐದಕ್ಕೆ. ತಪ್ಪಿಸಬಾರದು!" ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ನನ್ನನ್ನು ಇದುವರೆಗೆ ಯಾರೂ ಬಾಗಿಲವರೆಗೆ ಬಂದು ಬೀಳ್ಕೊಟ್ಟಿದ್ದಿಲ್ಲ.

ಅಮ್ಮನಿಗೆ ಹೇಳಿದೆ. ಸೊಟ್ಟ ಬಾಯಲ್ಲೇ ನಕ್ಕಳು. ಸಂಜೆ ಕಿಟಕಿ ಹತ್ತಿರ ಕೂತು ಹೋಗುವವರು ಬರುವವರಿಗೆಲ್ಲ, "ನನ್ ಮಗಳು... ಕಮಿಟಿ... ಮೆಂಬರ್" ಅಂತ. ತರಕಾರಿಯವನಿಗೂ ಹೇಳಿದಳು.

ಮಾರ್ಚ್ 9, ಭಾನುವಾರ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ನಾಲ್ಕೂವರೆಗೇ ಹೋಗಿದ್ದೆ. ಕುರ್ಚಿ ಹಾಕಿದೆ, ಒರೆಸಿದೆ. ನಾಲ್ಕು ಸಾಲು ಬರೆದ ಚೀಟಿ ಕೈಯಲ್ಲೇ ಒದ್ದೆ. ಒಬ್ಬೊಬ್ಬರಾಗಿ ಬಂದರು. ಅಧ್ಯಕ್ಷರು ಪೆನ್ಸಿಲ್ ತುದಿಯಿಂದ ಎಣಿಸಿದರು. ಕೊನೆಗೆ ಪೆನ್ಸಿಲ್ ನನ್ನ ಮೇಲೆ ನಿಂತಿತು. "ಏಳು!" ಎಲ್ಲರೂ ನನ್ನನ್ನು ನೋಡಿ ನಕ್ಕರು, ಪ್ರೀತಿಯಿಂದಲೇ. ಬೇಕರಿಯವರು ಬಿಸ್ಕತ್ತಿನ ತಟ್ಟೆ ಮೊದಲು ನನ್ನ ಕಡೆ ತಳ್ಳಿದರು. ಮರ್ಯಾದೆ ಅಂದುಕೊಂಡೆ. ಎರಡು ತಿಂದೆ.

ಗೇಟಿನ ವಿಷಯ ಬಂತು. ಎದ್ದು ನಿಂತು ಓದಿದೆ. ಎರಡನೇ ಸಾಲು ಎರಡು ಸಲ ಓದಿಬಿಟ್ಟೆ. ಅಮ್ಮನ ಬೆರಳಿನ ವಿಷಯವನ್ನೂ ಹೇಳಿದೆ. ಪಾರ್ಲರ್ ಅಕ್ಕ ಕಣ್ಣು ಒರೆಸಿಕೊಂಡಳು. ಅಧ್ಯಕ್ಷರು, "ಬಹಳ ಚೆನ್ನಾಗಿ ಮಾತಾಡಿದಿರಿ. ಹೀಗೆ ಮಾತಾಡೋರೇ ಬೇಕು" ಅಂದು, ಕೈ ಎತ್ತಿಸಿದರು. ಬೀಗ ಹಾಕುವುದಕ್ಕೆ ಆರು. ಬೇಡ ಅನ್ನುವುದಕ್ಕೆ ಒಂದು. ಕಣ್ಣು ಒರೆಸಿಕೊಂಡ ಕೈಯೇ ಮೇಲೆ ಹೋಯಿತು.

ಏಳುವಾಗ ಬೇಕರಿಯವರು ಹತ್ತಿರ ಬಂದರು. "ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ನಾಲ್ಕು ತಿಂಗಳಿಂದ ಹೋದ ಪುಟ್ಟ ಬಂದ ಪುಟ್ಟ ಆಗಿತ್ತು ನಮ್ದು."

ಅರ್ಥವಾಗಲಿಲ್ಲ. ಕೇಳಿದೆ.

"ಕೋರಂ ಅಕ್ಕ, ಕೋರಂ. ಏಳು ಜನ ಇಲ್ದೆ ಏನೂ ತೀರ್ಮಾನ ಮಾಡೋ ಹಾಗಿಲ್ಲ. ನಿಮಗಿಂತ ಮುಂಚೆ ಪಟ್ಟೀಲಿ ಹತ್ತು ಹೆಸರು. ಮೂವರು ಬರಲ್ಲ, ಒಬ್ರು ತೀರ್ಕೊಂಡಿದಾರೆ. ಏಳನೆಯವರು ನೀವು! ನೀವಿಲ್ದೆ ಆರೇ. ಸತ್ತೋರ ಹೆಸರು ತೆಗೆಯೋಕೂ ಏಳು ಜನ ಬೇಕಿತ್ತು. ಈವತ್ತು ಅದೂ ಆಯ್ತು ನೋಡಿ."

ಮನೆಗೆ ಹೇಗೆ ಬಂದೆನೋ. ನಾಲ್ಕು ತಿಂಗಳಿಂದ ಗೇಟು ತೆರೆದಿದ್ದದ್ದು ನಾನು ಅಲ್ಲಿ ಇರಲಿಲ್ಲ ಅಂತ. ಬರೀ ಅದಕ್ಕೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ — ನಾನು ಕುರ್ಚಿ ಹಾಕಿ, ಒರೆಸಿ, ಬಿಟ್ಟುಕೊಂಡೆ.

ಮಾರ್ಚ್ 10

ಬೀಗ ಬಿತ್ತು. ಹೊಸದು, ಹಿತ್ತಾಳೆಯದು.

ಟೈಲರ್ ಹೆಂಗಸು ಮೆಷೀನ್ ನಿಲ್ಲಿಸಿದಳು. "ನನಗೇನು ಗೊತ್ತೇ... ಕೋರಂ ಅಂದ್ರೆ ಏನೋ ಕಾಯಿಲೆ ಹೆಸರಿದ್ದ ಹಾಗಿದೆ." ನಗಬೇಕೋ ಅಳಬೇಕೋ.

ಮಾರ್ಚ್ 27, ಗುರುವಾರ

ಹದಿನೇಳು ದಿನ ಬರೆದಿಲ್ಲ. ಕೈಯಲ್ಲಿ ಬೊಬ್ಬೆ. ಇಸ್ತ್ರಿಯದಲ್ಲ, ಗಾಲಿಕುರ್ಚಿಯ ಹಿಡಿಯದು.

ಮೇನ್ ರೋಡ್ ಸುತ್ತಿ ಮೂವತ್ತೈದು ನಿಮಿಷ. ಆಟೋದವರು ಇಷ್ಟು ಹತ್ತಿರಕ್ಕೆ ಬರುವುದಿಲ್ಲ, ಕುರ್ಚಿ ನೋಡಿದರಂತೂ ನಿಲ್ಲಿಸುವುದೇ ಇಲ್ಲ. ಮೆಟ್ಟಿಲ ಹತ್ತಿರ ಯಾರಾದರೂ ಗಂಡಸರು ಬರುವವರೆಗೆ ಕಾಯಬೇಕು. ಏಳು ಸಲ ಹೋಗಬೇಕಿತ್ತು. ಹೋದದ್ದು ಮೂರು. ಅದರಲ್ಲಿ ಎರಡು ಸಲ ತಡ, ನಮ್ಮ ಟೈಮು ಬೇರೆಯವರಿಗೆ ಕೊಟ್ಟಿದ್ದರು.

ಇವತ್ತು ಲಾರಿ ಪಕ್ಕದಲ್ಲೇ ಹಾದು ಹೋಯಿತು. ಅಮ್ಮ ಕುರ್ಚಿಯಲ್ಲೇ ಒದ್ದೆ ಮಾಡಿಕೊಂಡಳು. "ಸಾಕು... ಬಿಡೇ" ಅಂದಳು. ಮನೆಗೆ ಬಂದು ಅವಳ ಕೈ ನೋಡಿದೆ. ಬಿಡಿಸಿದ್ದ ಎರಡು ಬೆರಳು ಅಂಗೈಗೆ ಹೊರಳಿವೆ. ಎಣ್ಣೆ ಹಚ್ಚಿ ಎಳೆದೆ. ಬರಲಿಲ್ಲ.

ನೋಟಿಸ್ ಬೋರ್ಡಿನಲ್ಲಿ ತೀರ್ಮಾನ ಹಾಕಿದ್ದಾರೆ. ಕೆಳಗೆ ಹಾಜರಿದ್ದವರ ಹೆಸರು, ಕೊನೆಯಲ್ಲಿ ನನ್ನದು. ಯಾರು ಬೇಡ ಅಂದರು ಅಂತ ಎಲ್ಲೂ ಇಲ್ಲ. ಗಲ್ಲಿಯಲ್ಲಿ ಎಲ್ಲರಿಗೂ ಆ ಗೇಟು ಬೇಕಿತ್ತು — ಬಸ್ಸಿಗೆ, ಸ್ಕೂಲಿಗೆ. ನಲ್ಲಿ ಹತ್ತಿರ ಎದುರುಮನೆಯವಳು ನನಗೆ ಕೇಳಲಿ ಅಂತಲೇ ಅಂದಳು — "ಕೊಡಲಿ ಕಾವು ಕುಲಕ್ಕೆ ಮೂಲ ಅಂತ ಸುಮ್ನೆ ಹೇಳ್ತಾರಾ? ಎರಡು ಬಿಸ್ಕತ್ತಿಗೆ ಕೈ ಎತ್ತಿ ಬಂದ್ರಂತೆ ಮೆಂಬರ್ ಮೇಡಂ."

ಬಿಸ್ಕತ್ತಿನ ಲೆಕ್ಕ ಕೂಡ ಗೊತ್ತಿದೆ. ಎತ್ತದ ಕೈ ಮಾತ್ರ ಯಾರಿಗೂ ಗೊತ್ತಿಲ್ಲ. ಕೊಡ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಬಂದೆ.

ಮಾರ್ಚ್ 31

ರಾಜೀನಾಮೆ ಬರೆದುಕೊಂಡು ಹೋದೆ. ಅಧ್ಯಕ್ಷರು ಓದಿ, ಎರಡು ಕಡೆ ಕೊಂಬು ತಿದ್ದಿ, ಮಡಚಿಟ್ಟರು.

"ಇದನ್ನ ಸಭೆ ಒಪ್ಪಬೇಕಮ್ಮಾ. ಸಭೆ ಅಂದ್ರೆ ಏಳು ಜನ. ನಿಮ್ಮನ್ನ ಬಿಟ್ರೆ ನಾವು ಆರೇ ಅಲ್ವಾ?"

"ಅಂದ್ರೆ... ನಾನು ಬಿಡೋಕೂ ನಾನೇ ಬರಬೇಕಾ?"

"ನಿಯಮ" ಅಂದರು. ಅವರಿಗೆ ಅದರಲ್ಲಿ ನಗು ಬರುವಂಥದ್ದೇನೂ ಕಾಣಲಿಲ್ಲ. ಬೆಲ್ ಒತ್ತಿದರು. ಯಾರೂ ಬರಲಿಲ್ಲ.

ಏಪ್ರಿಲ್ 13, ಭಾನುವಾರ. ನಾಲ್ಕೂ ಹತ್ತು

ಇವತ್ತು ಐದಕ್ಕೆ ಸಭೆ. ಒಂದೇ ವಿಷಯ. ಗೇಟು ಕಿತ್ತು ಆ ಜಾಗಕ್ಕೆ ಗೋಡೆ. ಬೀಗವಾದರೆ ಇವತ್ತಲ್ಲ ನಾಳೆ ಯಾರಾದರೂ ತೆಗೆಸಿಯಾರು. ಗೋಡೆ ಎದ್ದರೆ ಮುಗಿಯಿತು. ಮೇಸ್ತ್ರಿ ಈ ವಾರ ಮಾತ್ರ ಸಿಗುತ್ತಾನಂತೆ, ಆಮೇಲೆ ವರ್ಷವಿಡೀ ಬೇರೆ ಕಡೆ ಕೆಲಸ.

ನಾನು ಹೋಗದಿದ್ದರೆ ಆರು. ಆರಾದರೆ ಟೀ ಕುಡಿದು ಎದ್ದು ಹೋಗಬೇಕು.

ಹೋಗುವುದಿಲ್ಲ. ಇಷ್ಟೇ ಸೇವೆ ನನ್ನಿಂದ ಆಗುವುದು.

ಬಾಗಿಲು ಹಾಕಿದೆ. ಚಿಲಕ ಮೂರು ಸಲ ನೋಡಿದೆ. ಫೋನ್ ಆಫ್. ಅಮ್ಮನಿಗೆ ಕಿವಿಯ ಹತ್ತಿರ ಬಾಗಿ, "ಯಾರು ಬಂದ್ರೂ ಸುಮ್ನಿರು. ನಾನು ಮನೇಲಿಲ್ಲ" ಅಂದೆ. ತಲೆ ಆಡಿಸಿದಳು. ಅರ್ಥವಾಯಿತೋ, ನಾನು ಹೇಳಿದ್ದಕ್ಕೆ ಆಡಿಸಿದಳೋ.

ನಾಲ್ಕೂ ನಲವತ್ತು

ಈ ಹೊತ್ತಿಗೆ ಕುರ್ಚಿ ಹಾಕುತ್ತಿದ್ದೆ. ಕಾಲು ತಾನೇ ಬಾಗಿಲ ಕಡೆ ಹೋಗುತ್ತದೆ. ಜನ ಕಾಯುತ್ತಾರೆ ಅಂದರೆ ನನಗೆ ಕೂರಲಾಗುವುದಿಲ್ಲ. ಚಿಕ್ಕಂದಿನಿಂದ ಹಾಗೆ. ತಡವಾಗಿ ಹೋದದ್ದೇ ಇಲ್ಲ ಎಲ್ಲಿಗೂ. ಪೆನ್ನು ಹಿಡಿದು ಕೂತಿರುವುದೇ ಏಳಬಾರದು ಅಂತ.

ಅಮ್ಮ ಕಿಟಕಿ ಹತ್ತಿರ. ಪರದೆ ಎಳೆದಿದ್ದೇನೆ.

ಐದೂ ಹತ್ತು

ಬಂದರು. ಬಾಗಿಲು ತಟ್ಟುತ್ತಿದ್ದಾರೆ.

"ಅಕ್ಕಾ... ಹುಷಾರಾಗಿದೀರಾ? ನೀವೊಬ್ರೇ ಬಾಕಿ." ಪಾರ್ಲರ್ ಅಕ್ಕ. ನಿಜವಾಗಿಯೂ ಕಾಳಜಿಯ ದನಿ, ಅದೇ ಕಷ್ಟ. ಹಿಂದೆ ಬೇಕರಿಯವರು, "ತಪ್ಪಿಸೋ ಹೆಂಗಸಲ್ಲ ರೀ ಅದು. ಏನೋ ಆಗಿರಬೇಕು."

ಉಸಿರು ಬಿಗಿಹಿಡಿದು ಬರೆಯುತ್ತಿದ್ದೇನೆ. ಪೆನ್ನಿನ ಸದ್ದೂ ಕೇಳೀತೇನೋ.

"ಬನ್ನಿ, ಇಲ್ಲ ಅನ್ಸತ್ತೆ. ಮುಂದಿನ ತಿಂಗಳು ನೋಡೋಣ." ಅಧ್ಯಕ್ಷರು.

ಹೆಜ್ಜೆಗಳು ಗಲ್ಲಿಯ ಕಡೆ ತಿರುಗಿದವು. ಒಂದು ಹೆಜ್ಜೆ. ಎರಡು.

ಅಮ್ಮ ಒಳ್ಳೆಯ ಕೈಯಲ್ಲಿ ಪರದೆ ಸರಿಸಿದ್ದಾಳೆ. ಮುಖವೆಲ್ಲ ನಗು. "ಇದಾಳೆ... ಒಳಗೇ ಇದಾಳೆ... ಬರೀತಿದಾಳೆ! ಏಯ್... ನಿನ್ನ ಕರೆಯೋಕೆ... ಎಲ್ಲಾ ಬಂದಿದಾರೆ... ಏಳೇ —"

ಹೆಜ್ಜೆಗಳು ನಿಂತವು. ಮತ್ತೆ ಬಾಗಿಲ ಕಡೆ ಬರುತ್ತಿವೆ. ನಾನು