ಎದೆಮಟ್ಟದ ನೀರಿನಲ್ಲಿ ಮುಳುಗಿದವರ ಕುರಿತು

ಕೆರೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಯಜಮಾನರಾದ ಲಕ್ಷ್ಮೀಪತಿಯವರು 'ಸ್ವಂತ ಅಜಾಗರೂಕತೆಯಿಂದ' ಮುಳುಗಿ ಸತ್ತರೆಂದು ತಮ್ಮ ಕಚೇರಿ ನನಗೆ ಬರೆದಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂಬುದನ್ನು ನಾಲ್ಕು ಜನರೂ ಓದಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಅವರು ಕಾರ್ಖಾನೆಯೊಂದರಲ್ಲಿ ಮರಗೆಲಸದ ಫೋರ್‌ಮನ್ ಆಗಿದ್ದರು. ಈ ಜನವರಿಯಲ್ಲಿ ಶ್ರೀರಂಗಪಟ್ಟಣದಿಂದ ತಲಕಾಡಿನವರೆಗೆ ಕಾವೇರಿಯಲ್ಲಿ ನಾಲ್ಕು ದಿನಗಳ ಸಣ್ಣ ದೋಣಿಗಳ ಸ್ಪರ್ಧೆಯಿತ್ತು. ದೋಣಿಗೆ ಮೂವರು. ನಮ್ಮ ಮನೆಯಲ್ಲೇ ಮೂವರಿದ್ದೆವು: ಅವರು, ಅವರ ತಂಗಿ ಕೋಕಿಲಾ, ಶಾಲೆಯಲ್ಲಿ ಪಾಠ ಹೇಳುವ ನಾನು. ಎಪ್ಪತ್ತಾರನೆಯ ಇಸವಿಯೆಲ್ಲ ಶ್ರೀಗಂಧದ ಕಾವಲಿನಾಚೆಯ ಕೆರೆಯಲ್ಲಿ ಹಳೆಯ ತೆಪ್ಪವೊಂದರ ಮೇಲೆ ಕಲಿತೆವು. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಹುಟ್ಟು ಹಾಕುವುದನ್ನು ಕಂಡು ಬಟ್ಟೆ ಒಗೆಯುವವರು ನಕ್ಕರು. ನಾವೂ ನಕ್ಕೆವು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ನಾವಿಬ್ಬರೂ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ. ಆಮೇಲೆ ಎಂಟು ತಿಂಗಳು ರಾಜಾಜಿನಗರದ ನಮ್ಮ ಅಂಗಳದಲ್ಲಿ ಅವರೇ ಕೂತು ದೋಣಿ ಕಟ್ಟಿದರು.

ಅನುಮತಿ ಪಡೆಯಲಿಲ್ಲವೆಂದು ದೂರುತ್ತೀರಿ. ಹೋದ ಬೇಸಿಗೆಯಲ್ಲಿ ಅರ್ಜಿ ಹಿಡಿದು ತಮ್ಮ ಕಚೇರಿಗೆ ಬಂದಿದ್ದೆವು. "ಅಷ್ಟು ಸಣ್ಣ ದೋಣಿಗೆ ಪರ್ಮಿಷನ್ ಯಾಕೆ ಸಾರ್? ಎಮ್ಮೆ ತೊಳೆಯೋರು ಬಂದು ಕೇಳ್ತಾರಾ?" ಎಂದು ತಮ್ಮ ಗುಮಾಸ್ತರು ಅರ್ಜಿಯನ್ನು ವಾಪಸು ಕೊಟ್ಟರು. ಅದೇ ಬೇಸಿಗೆಯಲ್ಲಿ, ಹೊಸ ಸೈಟುಗಳಿಗೆ ತುಂಬಲೆಂದು, ಒಣಗಿದ ಕೆರೆಯ ಮಣ್ಣು ತೆಗೆಯಲು ತಾವು ಧಾರಾಳವಾಗಿ ಅನುಮತಿ ಕೊಟ್ಟಿದ್ದು ನಮಗೆ ಹೇಗೆ ತಿಳಿಯಬೇಕು? ಮಳೆ ಬಂತು, ಗುಂಡಿಗಳು ತುಂಬಿದವು. ಮೇಲಿನಿಂದ ನೋಡಿದರೆ ಅದೇ ಹಳೆಯ ಕೆರೆ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹೊಸ ದೋಣಿಯನ್ನು ನೀರಿಗಿಳಿಸಿದೆವು. ದಡದ ಹತ್ತಿರ ಅದು ಜೊಂಡಿಗೆ ಸಿಕ್ಕಿತು. ಅವರಿನ್ನೂ ಈಜು ಕಲಿಯುತ್ತಿದ್ದರು. "ಹುಷಾರು ರೀ," ಎಂದೆ. "ಇಲ್ಲಿ ಎದೆಮಟ್ಟ ಅಷ್ಟೇ ಕಣೇ, ಇಳಿದು ತಳ್ತೀನಿ," ಎಂದು ಕಾಲಿಟ್ಟವರು ಮೇಲೆ ಬರಲಿಲ್ಲ. ಕೋಕಿಲಾ ಮೂರು ಸಲ ಮುಳುಗಿದಳು. ಮೂರನೆಯ ಸಲ ಅಣ್ಣನನ್ನು ಎತ್ತಿ ತಂದಳು. "ಅತ್ತಿಗೆ, ತಳ ಸಿಗ್ತಾನೇ ಇಲ್ಲ," ಎಂದಷ್ಟೇ ಹೇಳಿದಳು. ಅವರಲ್ಲಿ ಉಸಿರಿರಲಿಲ್ಲ.

ಕೆರೆಯಂಚಿನ ರೈತ ಮುನಿಯಣ್ಣ ಹದಿಮೂರನೆಯ ದಿನ ಮನೆಗೆ ಬಂದರು. ಗುಂಡಿಗಳ ಸುತ್ತ ಕಂಬ ನೆಡಿ ಎಂದು ಅವರು ಕೊಟ್ಟ ಮನವಿಗೆ 'ಪರಿಶೀಲನೆಯಲ್ಲಿದೆ' ಎಂಬ ತಮ್ಮ ಉತ್ತರ ಅವರ ಕೈಯಲ್ಲಿತ್ತು. "ಜೂನಲ್ಲೇ ಬರೆದು ಕೊಟ್ಟಿದ್ದೆ ಕಣವ್ವ, ದನ ಬಿದ್ದಾವು ಅಂತ. ಮನುಷ್ಯರು ಬೀಳ್ತಾರೆ ಅಂತ ಹೊಳೀಲಿಲ್ಲ," ಎಂದು ಅತ್ತರು. ಅಜಾಗರೂಕರು ಯಾರು, ಸ್ವಾಮಿ?

ಸ್ಪರ್ಧೆ ನಮ್ಮನ್ನು ಬಿಟ್ಟು ನಡೆಯಿತು. ಹೋದ ವಾರ ಕೋಕಿಲಾ, ಮುನಿಯಣ್ಣ, ನಾನು ಸೇರಿ ಗುಂಡಿಗಳ ಅಂಚಿಗೆ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿದೆವು. ಎರಡೇ ದಿನಕ್ಕೆ ತಮ್ಮವರು ಬಂದು ಅವನ್ನೆಲ್ಲ ಕಿತ್ತರು; ಸರ್ಕಾರಿ ಕೆರೆಯ ಒತ್ತುವರಿಯಂತೆ. ಏಳು ತಿಂಗಳಲ್ಲಿ ಒಂದು ಕಂಬ ನೆಡಲಾಗದ ಕಚೇರಿಗೆ ಕೀಳುವುದರಲ್ಲಿ ಎಂಥ ಚುರುಕು.

ಪರಿಹಾರ ಬೇಡ. ಕಂಬಗಳನ್ನು ನೆಡಿಸಿ. ಕಡತದಿಂದ 'ಅಜಾಗರೂಕತೆ' ಎಂಬ ಆ ಪದವನ್ನು ಹೊಡೆದುಹಾಕಿ. ಅಲ್ಲಿಯವರೆಗೆ ಪ್ರತಿ ಭಾನುವಾರ ನಾವೇ ನೆಡುತ್ತೇವೆ. ತಾವು ಕೀಳಿಸುತ್ತಿರಿ.

ಇಂತಿ,
ಹೆಸರಿನ ಮುಂದೆ 'ದಿವಂಗತರ ಪತ್ನಿ' ಎಂದು ಬರೆಯಲು ಇನ್ನೂ ಕೈ ಬಾರದ
ಗಿರಿಜಾದೇವಿ
ರಾಜಾಜಿನಗರ, ಫೆಬ್ರವರಿ 1978