ಹಿಂದಿನ ಬಾಗಿಲಿಲ್ಲದ ಗಾಡಿ

ಸೆಪ್ಟೆಂಬರ್ 3, ಬುಧವಾರ

ಎಂಟಕ್ಕೆ ಶೋರೂಮ್. ಶೆಡ್ಡಿಗೆ ಹೋಗಿ ಕವರ್ ತೆಗೆದು ವಿಟಿ ಕಾರು ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷ ಬಿಟ್ಟೆ, ಬ್ಯಾಟರಿ ಸಾಯಬಾರದಲ್ಲ. ಪ್ರತಿ ಬುಧವಾರದ ಕೆಲಸ. ಯಾರೂ ಹೇಳಿದ್ದಲ್ಲ.

ಎಂಟು ವರ್ಷದ ಡೆಮೊ ಗಾಡಿ. ಕೆಂಪು, ಗಿಡ್ಡ, ಎಂಜಿನ್ ಮಾತ್ರ ದೊಡ್ಡ ಗಾಡೀದು. ಪಕ್ಕಕ್ಕೆ ಎರಡು ಬಾಗಿಲು, ಡಿಕ್ಕಿ ಸೇರಿ ಮೂರು. ಬಳ್ಳಾರಿಯಲ್ಲಿ ಒಬ್ಬರೂ ಕೊಳ್ಳಲಿಲ್ಲ. ಬಂದವರದೆಲ್ಲ ಒಂದೇ ಪ್ರಶ್ನೆ — ಹಿಂದಿನ ಬಾಗಿಲು ಎಲ್ಲೈತ್ರಿ? ಕಂಪನಿ ಮಾಡೋದನ್ನೇ ಬಿಟ್ಟು ಐದು ವರ್ಷವಾಯ್ತು.

ಮಾಲೀಕರು ಗವಿಸಿದ್ದೇಶ್ ಸರ್ ಕರೆದರು. ಕಂಪನಿ ‘ವಿಟಿ’ ಹೆಸರು ವಾಪಸ್ ತರ್ತಿದೆ. ಎಸ್‌ಯುವಿ ಮೇಲೆ! ಹದಿನಾಲ್ಕಕ್ಕೆ ಲಾಂಚ್, ಸ್ಟೇಜ್ ಮೇಲೆ ಮಾತಾಡೋದು ನಾನು. “ಸುಪ್ರಜಾ ಮೇಡಂ, ವಿಟಿ ನಿಮಗಿಂತ ಚೊಲೋ ಯಾರಿಗೆ ಗೊತ್ತೈತ್ರಿ?” ಯಾರಿಗೂ ಇಲ್ಲ. ಹಂಗೇ ಹೇಳಿದೆ.

ಲಾಂಚ್ ಆದಮೇಲೆ ಹಳೇದನ್ನ ಮಾರ್ತಾರಂತೆ. ನಾನು ತಗೋತೀನಿ ಅಂದೆ. ಸರ್ ನಕ್ಕರು. ನಾನು ನಗಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಹುಬ್ಬಳ್ಳಿಯಲ್ಲಿ ಟ್ರೇನಿಂಗ್. ಹೊಸ ವಿಟಿಯಲ್ಲಿ ಏನು ಹೊಸದು — ಸೀಟಿಗೆ ಕೆಂಪು ಹೊಲಿಗೆ, ಕಪ್ಪು ಗ್ರಿಲ್, ಸ್ಪೀಕರಿನಿಂದ ಬರೋ ಎಂಜಿನ್ ಸೌಂಡ್, ಐದು ಕಡೆ ‘ವಿಟಿ’ ಬ್ಯಾಡ್ಜ್. ಎಂಜಿನ್ ಸಾದಾ ಮಾಡೆಲ್‌ದೇ. ಸಸ್ಪೆನ್ಷನ್ ಬದಲಾಗಿದೆಯಾ ಅಂತ ಕೈ ಎತ್ತಿ ಕೇಳಿದೆ. ಟ್ರೇನರ್ ಅಂದ, “ವಿಟಿ ಈಗ ಎಂಜಿನ್ ಅಲ್ಲ ಮೇಡಂ, ಲೈಫ್‌ಸ್ಟೈಲ್.”

ಗಾಡಿ ಕೆಟ್ಟದ್ದಲ್ಲ. ಎತ್ತರ ಇದೆ, ಜಾಗ ಇದೆ. ನಮ್ಮತ್ತೆ ಒಮ್ಮೆ ಹಳೇ ವಿಟಿಯ ಹಿಂದಿನ ಸೀಟಿಗೆ ಹೋಗಿ ಕೂತಿದ್ದರು. ಇಳಿಸಲಿಕ್ಕೆ ನಾನು, ನನ್ನ ಗಂಡ ವಿಶ್ವಪ್ರಿಯ, ಪಕ್ಕದ ಮನೆಯವರು — ಮೂರು ಜನ ಬೇಕಾಯ್ತು. ಅಂಥವರಿಗೆ ಹೊಸದೇ ಸರಿ. ಬ್ಯಾಡ್ಜ್ ಒಂದೇ ಸುಳ್ಳು.

ಲಾಂಚಿಗೆ ಕೊಟ್ಟ ಸ್ಕ್ರಿಪ್ಟಿನಲ್ಲಿ ಒಂದು ಸಾಲು: ‘ಅದೇ ರಕ್ತ, ಹೊಸ ಮೈ.’ ಬಸ್ಸಿನಲ್ಲೇ ಪೆನ್ ತೆಗೆದು ಹೊಡೆದುಹಾಕಿದೆ.

ಸೆಪ್ಟೆಂಬರ್ 14, ಭಾನುವಾರ, ಸಂಜೆ 6

ಚೆನ್ನಾಗಿ ಮಾತಾಡಿದೆ. ಗೊತ್ತು. ಆ ಸಾಲು ಹೇಳಲಿಲ್ಲ, ಸರ್ ಮುಖ ಗಂಟಾಯ್ತು. ಆದರೂ ಬುಕಿಂಗ್ ಬಂದವು.

ಒಂದು ಬುಕಿಂಗ್ ಸಿರುಗುಪ್ಪದ ಎರ್ರಣ್ಣನವರದು. ರೈಸ್ ಮಿಲ್ಲಿದೆ, ಹಚ್ಚೊಳ್ಳಿಯಲ್ಲಿ ಹೊಲ. ಮಗಳು ಪೂಜಿತಾಗೆ ಗಾಡಿ ಬೇಕಂತೆ. ಇಪ್ಪತ್ಮೂರು ವರ್ಷದ ಹುಡುಗಿ. ಡ್ರೈವಿಂಗ್ ಕಲಿತದ್ದು ಟ್ರ್ಯಾಕ್ಟರ್ ಮೇಲೆ. ಈಗ ಮಣ್ಣಿನ ಟ್ರ್ಯಾಕಿನಲ್ಲಿ ಆಟೊಕ್ರಾಸ್ ರೇಸ್ ಓಡಿಸ್ತಾಳೆ, ಎರಡು ಸಲ ಮೂರನೇ ಸ್ಥಾನ. ಅಪ್ಪ ಫಾರಮ್ ತುಂಬ್ತಿದ್ದರೆ ಇವಳು ಮೂಲೆಯಲ್ಲಿಟ್ಟಿದ್ದ ಹಳೇ ಕೆಂಪು ಗಾಡಿಯೊಳಗೆ ತಲೆ ಹಾಕಿ ನಿಂತಿದ್ದಳು.

“ಅಕ್ಕಾ, ಎರಡೂ ಓಡಿಸಿ ನೋಡ್ಲೇನ್ರಿ?”

ಸೆಪ್ಟೆಂಬರ್ 16, ಮಂಗಳವಾರ

ಕುರುಗೋಡು ರೋಡ್. ಮೊದಲು ಹೊಸದು. ಮೆತ್ತಗೆ ಹೋಯ್ತು, ಮೆತ್ತಗೆ ಬಂತು. ಪೂಜಿತಾ ಇಳಿದು ಕೀ ಕೊಟ್ಟಳು.

ಆಮೇಲೆ ಹಳೇದು. ಗುಡ್ಡದ ಹತ್ತಿರದ ತಿರುವು... ಎಂಟು ವರ್ಷದಿಂದ ಅಲ್ಲಿ ಬ್ರೇಕ್ ಹಿಡಿದೇ ಹೋಗ್ತೀನಿ. ಅವಳು ಮೊದಲೇ ಗೇರ್ ಇಳಿಸಿದಳು, ಸ್ಟೀರಿಂಗ್ ಒಂದೇ ಸಲ ತಿರುಗಿಸಿದಳು, ಅಷ್ಟೇ. ಸ್ಪೀಡ್ ಎಂಬತ್ತರೊಳಗೇ ಇತ್ತು. ಗಾಡಿ ನೆಲಕ್ಕೆ ಅಂಟಿಕೊಂಡೇ ತಿರುಗಿತು. ಇದಕ್ಕೆ ಇಷ್ಟು ಬರ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಪಕ್ಕಕ್ಕೆ ನಿಲ್ಲಿಸಿ ಕೇಳಿದಳು, “ಎರಡಕ್ಕೂ ವಿಟಿ ಅಂತೀರಿ. ಎರಡೂ ಒಂದನ ಏನ್ರಿ ಅಕ್ಕಾ?”

“ಹೆಸರು ಒಂದು. ಗಾಡಿ ಬೇರೆ.”

“ಅದರಾಗ ರೇಸ್ ಓಡಸಬಹುದೇನ್ರಿ?”

“ಬ್ಯಾಡ. ಅದು ಮನೆಮಂದಿ ಕರ್ಕೊಂಡು ಹೋಗೋ ಗಾಡಿ.”

ಸಂಜೆ ಬುಕಿಂಗ್ ಕ್ಯಾನ್ಸಲ್ ಆಯ್ತು.

ಸೆಪ್ಟೆಂಬರ್ 17, ಬುಧವಾರ

ಸರ್ ಬಾಗಿಲು ಹಾಕಿಕೊಂಡು ಮಾತಾಡಿದರು. “ನಿಮ್ಮನ್ನ ಇಟ್ಕೊಂಡಿದ್ದು ಮಾರಾಕ್ರಿ ಮೇಡಂ. ಬ್ಯಾಡ ಅನ್ನಾಕಲ್ಲ.”

“ಕೇಳಿದ್ಲು, ಹೇಳ್ದೆ. ನಾಳೆ ಬ್ಯಾರೆಯವರು ಕೇಳಿದ್ರೂ ಅದನ್ನೇ ಹೇಳ್ತೀನಿ.”

ಸೋಮವಾರದಿಂದ ಸಿರುಗುಪ್ಪ ಬ್ರಾಂಚ್. ಬ್ರಾಂಚ್ ಅಂದ್ರೆ ಒಂದು ಟೇಬಲ್, ಎರಡು ಗಾಡಿ, ಮುಂದೆ ಭತ್ತದ ಲಾರಿಗಳ ಸಾಲು. ಶಿಕ್ಷೆ ಅಂತ ಅವರ ಲೆಕ್ಕ. ಬಳ್ಳಾರಿ ಗಾಂಧಿನಗರದ ಮನೆಯಿಂದ ಹೊರಟು ಏಳರ ಬಸ್ಸು ಹಿಡೀಬೇಕು. ಹಿಡೀತೀನಿ.

ಸೆಪ್ಟೆಂಬರ್ 26, ಶುಕ್ರವಾರ

ಐದು ದಿನದಲ್ಲಿ ಎರಡು ಮಾರಿದೆ. ಏನಿದೆ, ಏನಿಲ್ಲ — ಎರಡೂ ಹೇಳ್ತೀನಿ. ಜನ ಕೂತು ಕೇಳ್ತಾರೆ.

ಇವತ್ತು ಎರ್ರಣ್ಣ ಬಂದರು. ಬೈಯಲಿಕ್ಕೆ ಅಂದುಕೊಂಡೆ. ಚಹಾ ತರಿಸಿದರು.

“ನನ್ನ ಮಗಳಿಗೆ ಬ್ಯಾಡ ಅಂದ್ರಿ. ನಮ್ಮವ್ವಗ?”

ಅವರ ತಾಯಿ ಜಡೆಮ್ಮ ಹೊರಗೆ ಆಟೊದಲ್ಲಿ ಕೂತಿದ್ದರು. ಕರೆತಂದು ಹೊಸ ವಿಟಿಗೆ ಹತ್ತಿಸಿದೆ. ಬಗ್ಗದೆ ಹತ್ತಿದರು, ಸೀಟು ತಟ್ಟಿ ನೋಡಿದರು. “ಮಂಚ ಇದ್ದಂಗೈತಿ” ಅಂದರು.

“ಅವ್ವಗ ಹೇಳಿ ಮಾಡಿಸಿದ್ದು ರೀ. ಆ ಬ್ಯಾಡ್ಜ್ ನೋಡಿ ಮಾತ್ರ ತಗೋಬ್ಯಾಡ್ರಿ” ಅಂದೆ.

ಎರ್ರಣ್ಣ ತಲೆ ಆಡಿಸಿದರು. ಆಮೇಲೆ, “ಪೂಜಿತಾ ಆ ಕೆಂಪುದ ಬೇಕು ಅಂತಾಳ್ರಿ. ಹಿಂದ ಬಾಗಿಲಿಲ್ಲ, ಕುಂದ್ರೋರು ಕಿಟಕ್ಯಾಗ ಹಾಯಬೇಕೇನು ಅಂದ್ರ, ಹಿಂದ ಯಾರೂ ಕುಂದ್ರೋದ ಬ್ಯಾಡ ಅಂತಾಳ. ಸರ್‌ನ ಕೇಳಿದ್ರ, ಮೇಡಂ ಬಿಟ್ಟರ ಕೊಡ್ತೀನಿ ಅಂದ್ರು. ಬಿಡ್ತೀರೇನ್ರಿ?”

ತಗೋತೀನಿ ಅಂದ ನನ್ನ ಮಾತು ಸರ್ ನೆನಪಿಟ್ಟಿದ್ದಾರೆ. ಅದು ಖುಷಿ. ನಾಳೆ ಹೇಳ್ತೀನಿ ಅಂದೆ.

ಸೆಪ್ಟೆಂಬರ್ 27, ಶನಿವಾರ

ವಿಶ್ವಪ್ರಿಯ ಅಂದ, “ಎಂಟು ವರ್ಷ ಅದರ ಮಾತೇ ಆಡೀದಿ. ತೊಗೋ. ಅಮ್ಮನ್ನ ನಾನು ಬೈಕ್ ಮ್ಯಾಲೆ ಕರ್ಕೊಂಡು ಹೋಗ್ತೀನಿ.” ಒಳ್ಳೆಯವನು.

ಆದರೆ ಆ ತಿರುವು ಮರೀಲಿಕ್ಕೆ ಆಗ್ತಿಲ್ಲ. ನಾನು ತಗೊಂಡ್ರೆ ಭಾನುವಾರ ಭಾನುವಾರ ತೊಳೀತೀನಿ. ಒರೆಸ್ತೀನಿ. ಕವರ್ ಹಾಕ್ತೀನಿ. ಅವಳು ಓಡಿಸ್ತಾಳೆ. ಇಂಥ ಗಾಡಿ ಇನ್ನು ಯಾರೂ ಮಾಡೋದಿಲ್ಲ... ಇರೋದೊಂದು ಓಡಲಿ.

ಮಧ್ಯಾಹ್ನ ಪೂಜಿತಾಗೆ ಫೋನ್ ಮಾಡಿ ಬಿಟ್ಟೆ ಅಂದೆ.

ಫೋನ್ ಇಟ್ಟು ಬ್ರಾಂಚಿನ ಎರಡೂ ಗಾಡಿ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆದರೂ ಸರಿಯಾಗಿಯೇ ಮಾಡಿದೀನಿ. ಅನುಮಾನ ಇಲ್ಲ.

ಅಕ್ಟೋಬರ್ 1, ಆಯುಧಪೂಜೆ

ಎರ್ರಣ್ಣನವರ ಎರಡೂ ಗಾಡಿ ಒಂದೇ ಮುಹೂರ್ತಕ್ಕೆ ಡೆಲಿವರಿ. ಜಡೆಮ್ಮ ಎರಡಕ್ಕೂ ಕುಂಕುಮ ಹಚ್ಚಿದರು. ಕೆಂಪು ಗಾಡಿ ಗೇಟು ದಾಟಿ ಹೋಯ್ತು. ರಸ್ತೆ ತಿರುಗೋವರೆಗೂ ನೋಡಿದೆ.

ಸರ್, “ಬಳ್ಳಾರಿಗೆ ವಾಪಸ್ ಬರ್ರಿ ಮೇಡಂ.”

ಸಿರುಗುಪ್ಪ ಬ್ರಾಂಚ್ ನನಗೇ ಕೊಡಿ, ಮ್ಯಾನೇಜರ್ ಅಂತ ಬರೆದುಕೊಡಿ ಅಂದೆ. ಯೋಚನೆ ಮಾಡ್ತಾರಂತೆ. ಮಾಡಲಿ. ಕೊಡ್ತಾರೆ.

ಜನವರಿ 18, ಭಾನುವಾರ, ಬೆಳಿಗ್ಗೆ 9.40

ಕುರುಗೋಡು ಹತ್ತಿರದ ಮೈದಾನ. ಆಟೊಕ್ರಾಸ್. ಬ್ರಾಂಚಿಗೆ ರಜೆ ಬೋರ್ಡ್ ಹಾಕಿ ಬಂದೆ. ಮ್ಯಾನೇಜರ್ ನಾನೇ, ಯಾರನ್ನೂ ಕೇಳಬೇಕಿಲ್ಲ.

ಹದಿನೆಂಟು ಗಾಡಿ. ಮೂರು ಬಾಗಿಲಿಂದು ಒಂದೇ. ಬಂಪರಿಗೆ ಗೀರು, ಮೈಯೆಲ್ಲ ಮಣ್ಣು. ಒಂದು ನಿಮಿಷ ಸಂಕಟ ಆಯ್ತು. ಆಮೇಲೆ ಎಂಜಿನ್ ಸದ್ದು ಕೇಳಿದೆ. ನಾನು ಶೆಡ್ಡಿನಲ್ಲಿ ಹತ್ತು ನಿಮಿಷ ಕೇಳ್ತಿದ್ದ ಸದ್ದಲ್ಲ ಇದು.

ಮೊದಲು ಪ್ರಾಕ್ಟೀಸ್ ರೌಂಡ್. ಪಕ್ಕದ ಸೀಟಿಗೆ ಒಬ್ಬರು ಬರಬಹುದಂತೆ. ಪೂಜಿತಾ ಎರಡು ಹೆಲ್ಮೆಟ್ ಹಿಡ್ಕೊಂಡು ನನ್ನ ಕಡೆ ಬರ್ತಿದ್ದಾಳೆ. “ಅಕ್ಕಾ, ಬರಿಯೋದು ಆಮ್ಯಾಲೆ. ಬರ್ರಿ—”

ಸೀರೆ ಸೆರಗು ಸಿಕ್ಕಿಸ್ಕೊಂಡು ಹೊರಟೆ.